ಹಲ್ಲಿಗೆ ಬೇಲಿ, ಬ್ಯಾಗಿನಲ್ಲಿ ಅಡಕೊತ್ತು

ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಸದಾ ಒಂದು ಅಡಕೊತ್ತು ಇರುತ್ತದೆ. ಲಿಪ್‌ಸ್ಟಿಕ್ಕಿಗೂ ಮನೆಯ ಕೀಲಿಗೂ ನಡುವೆ ಅದರ ಬಿಡಾರ. ಮೊನ್ನೆ ಬಾಗಲಕೋಟೆಯಿಂದ ಹುನಗುಂದಕ್ಕೆ ಹೊರಟ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಲೆಂದು ಬ್ಯಾಗಿನೊಳಗೆ ಕೈ ಹಾಕಿದರೆ ಮೊದಲು ಹೊರಗೆ ಬಂದದ್ದು ಅದೇ. ಕಂಡಕ್ಟರು ಒಂದು ಹೆಜ್ಜೆ ಹಿಂದಕ್ಕೆ ಸರಿದು, “ಅಕ್ಕಾರ, ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆನ ಐತ್ರಿ. ಅದನ್ನ ಒಳಗ ಇಡ್ರಿ” ಎಂದರು.

ನಾನು ಎಲೆಯಡಿಕೆ ಹಾಕುವವಳಲ್ಲ. ಈ ಅಡಕೊತ್ತಿನಿಂದ ನಾನು ಕತ್ತರಿಸುವುದು ಪೇರಲ ಹಣ್ಣು, ಕೊಬ್ಬರಿ, ಚಕ್ಕಲಿ, ಒಮ್ಮೊಮ್ಮೆ ಮರ್ಯಾದೆ ಬಿಟ್ಟು ಬಿಸ್ಕೀಟು. ಏಕೆಂದರೆ ಉಳಿದವರೆಲ್ಲ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಶುರು ಮಾಡುವ ವಯಸ್ಸಿನಲ್ಲಿ ನಾನು ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದೇನೆ. ನಲವತ್ತು ದಾಟಿದ ಗೃಹಿಣಿಗೆ ಇದಕ್ಕಿಂತ ತುರ್ತಾದ ಕೆಲಸ ಬೇರೇನಿರುತ್ತದೆ ಹೇಳಿ!

ಅಸಲಿಗೆ ನಾನು ದಂತವೈದ್ಯರ ಹತ್ತಿರ ಹೋದದ್ದು ಮಗಳಿಗಾಗಿ. ಒಂಬತ್ತನೇ ಇಯತ್ತೆಯಲ್ಲಿರುವ ಮಗಳ ಬಾಯಿ ನೋಡಿ ಡಾಕ್ಟರು, “ಏನೂ ತೊಂದರೆ ಇಲ್ಲ, ಮುತ್ತಿನಂಥ ಹಲ್ಲು” ಎಂದರು. ಆ ಮುತ್ತುಗಳು ಅವಳ ಅಪ್ಪನ ಕಡೆಯಿಂದ ಬಂದವು. ನನಗೆ ಸಮಾಧಾನವಾಗಿ ನಗು ಬಂತು. ಅಭ್ಯಾಸದಂತೆ ಅಂಗೈ ಬಾಯಿಗೆ ಹೋಯಿತು. “ಮೇಡಂ, ಕೈ ತೆಗೀರಿ ಸ್ವಲ್ಪ” ಎಂದ ಡಾಕ್ಟರ ಕಣ್ಣುಗಳು, ಕಲಾದಗಿಯ ತೋಟದಲ್ಲಿ ಗಿಡದ ತುಂಬ ಚಿಕ್ಕು ಕಂಡ ವ್ಯಾಪಾರಿಯ ಕಣ್ಣಿನ ಹಾಗೆ ಹೊಳೆದವು. ಮಗಳನ್ನು ಕುರ್ಚಿಯಿಂದ ಇಳಿಸಿ ನನ್ನನ್ನು ಕೂರಿಸಲಾಯಿತು.

ಆ ಕೈ ಬಾಯಿಗೆ ಹೋಗುವ ಅಭ್ಯಾಸದ ಕಥೆ ಹಳೆಯದು. ನನ್ನ ಮೇಲಿನ ಹಲ್ಲುಗಳು ಹುಟ್ಟಿನಿಂದಲೇ ಒಂದಕ್ಕೊಂದು ಹೊಂದಿಕೊಂಡವಲ್ಲ. ಎರಡು ಮುಂದೆ ಬಂದು ಊರು ನೋಡುತ್ತಿದ್ದವು, ಒಂದು ಸಿಟ್ಟಿನಿಂದ ಪಕ್ಕಕ್ಕೆ ತಿರುಗಿ ನಿಂತಿತ್ತು. ಕಾನ್ವೆಂಟಿನಲ್ಲಿ ಕ್ಲಾಸಿನ ಫೋಟೋ ತೆಗೆಸುವ ದಿನ ನಮ್ಮ ಸಿಸ್ಟರು ಸಾಲಿನುದ್ದಕ್ಕೂ ನಡೆದು ಒಬ್ಬರ ರಿಬ್ಬನ್, ಒಬ್ಬರ ಟೈ ಸರಿ ಮಾಡುತ್ತ ಬಂದು, ನನ್ನೆದುರು ನಿಂತು, ಸರಿ ಮಾಡಲು ಬರುವಂಥದ್ದು ಏನೂ ಇಲ್ಲವೆಂದು ಗೊತ್ತಾಗಿ, ಬಹಳ ಪ್ರೀತಿಯಿಂದ ಹೇಳಿದರು: “ನೀನು ಬಾಯಿ ಮುಚ್ಚಿ ನಗು ಮಗು. ಒಳ್ಳೆ ಹುಡುಗಿಯರು ಕಣ್ಣಿನಲ್ಲಿ ನಗ್ತಾರೆ.” ನಾನು ಒಳ್ಳೆ ಹುಡುಗಿ. ಅಂದಿನಿಂದ ಕಣ್ಣಿನಲ್ಲೇ ನಗುತ್ತ ಬಂದೆ. ನನ್ನ ಮದುವೆಯ ಆಲ್ಬಮ್ ತೆಗೆದು ನೋಡಿದರೆ, ಧಾರೆಯಿಂದ ಹಿಡಿದು ಬೀಗರ ಊಟದವರೆಗೂ ಹೊಟ್ಟೆನೋವು ತಡೆದುಕೊಂಡು ನಿಂತವಳ ಹಾಗೆ ಕಾಣುತ್ತೇನೆ.

ಹಾಗಾಗಿ ಡಾಕ್ಟರು “ಈ ವಯಸ್ಸಿನಲ್ಲೂ ಸರಿ ಹೋಗುತ್ತದೆ” ಎಂದಾಗ ನನ್ನ ತಲೆಗೆ ಬಂದದ್ದು ಆರೋಗ್ಯವಲ್ಲ, ಸೌಂದರ್ಯವೂ ಅಲ್ಲ. ಒಂದೇ ಒಂದು ಫೋಟೋ. ನನ್ನ ಮೈದುನನ ಮದುವೆ ಇಳಕಲ್ಲಿನ ಹುಡುಗಿಯೊಂದಿಗೆ ಗೊತ್ತಾಗಿತ್ತು. ಮದುವೆಯ ಹೊತ್ತಿಗೆ ತಂತಿ ತೆಗೆಯಬಹುದೆಂದು ಡಾಕ್ಟರು ಲೆಕ್ಕ ಹೇಳಿದರು. ಆದರೆ ಒಂದು ಷರತ್ತು, ಹಲ್ಲಿಗೆ ಅಂಟಿಸಿದ ಲೋಹದ ಬಿಲ್ಲೆಗಳಲ್ಲಿ ಒಂದೂ ಕಿತ್ತು ಬರಬಾರದು, ಬಂದರೆ ಮುಗಿಯುವ ದಿನ ಮುಂದಕ್ಕೆ ಹೋಗುತ್ತದೆ. ಇಷ್ಟೇ ತಾನೆ ಎಂದುಕೊಂಡೆ. ಮದುವೆಯ ಮನೆಯಲ್ಲಿ ಬಾಯಿ ತುಂಬ ನಗುತ್ತ ನಿಂತ ಒಂದು ಫೋಟೋ ಕಣ್ಣ ಮುಂದೆ ಬಂದುಬಿಟ್ಟಿತ್ತು. ತಂತಿ ಕಟ್ಟಿಸಿಕೊಂಡೆ.

ಮನೆಗೆ ಬಂದೆ. ನಮ್ಮತ್ತೆ ಪಡಸಾಲೆಯಲ್ಲಿ ಕುಳಿತಿದ್ದರು. ಹುನಗುಂದದ ಕಡೆಯ ಒಕ್ಕಲುತನದ ಮನೆಯವರು, ಬೀರಪ್ಪ ದೇವರ ಒಕ್ಕಲು. ಮಾತು ಆಡಿದರೆ ಎರೆ ಹೊಲದಲ್ಲಿ ಕುಂಟೆ ಹೊಡೆದ ಹಾಗೆ. ನನ್ನ ಬಾಯಿ ತೆರೆಸಿ, ಕನ್ನಡಕ ಹಾಕಿಕೊಂಡು ನೋಡಿ, ಕನ್ನಡಕ ತೆಗೆದು, ನನಗಲ್ಲ, ಗೋಡೆಗೆ ಹೇಳಿದರು:

“ಹೊಲಕ್ಕ ಬೇಲಿ ಹಾಕಸ್ರಿ, ಹಂದಿ ಬರ್ತಾವು ಅಂತ ಬಾಯಿ ಹೋಗೂತನಾ ಬಡ್ಕೊಂಡೆ. ಹೊಲಕ್ಕ ಇಲ್ಲ, ಹೇಂತಿ ಬಾಯಿಗೆ ಹಾಕಿಸ್ಯಾನ ನನ್ನ ಮಗಾ.”

ಎದುರುಮನೆಯ ಸುಮಂಗಲಾ ಅವರಿಗೆ ಬೇರೆಯೇ ಚಿಂತೆ. “ಮದುವಿ ಆಗೇತಿ, ಮಕ್ಕಳಾಗ್ಯಾವು. ಇನ್ನ ಯಾರಿಗೆ ತೋರಸಾಕ ರೀ ವೈನಿ?” ಎಂದು ಕೇಳಿದರು. ಬಹಳ ಕಳಕಳಿಯ ಹೆಣ್ಣುಮಗಳು. ಅವರು ಕೂದಲಿಗೆ ಬಣ್ಣ ಹಚ್ಚುವುದು ಯಾರಿಗೆ ತೋರಿಸಲು ಎಂದು ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳಲ್ಲವೇ, ಕಣ್ಣಿನಲ್ಲಿ ನಕ್ಕೆ.

ಡಾಕ್ಟರು ಕೈಗೊಂದು ಅಚ್ಚು ಹಾಕಿದ ಹಾಳೆ ಕೊಟ್ಟಿದ್ದರು, ಏನೇನು ತಿನ್ನಬಾರದೆಂದು. ಪಿಜ್ಜಾದ ಅಂಚು ಬೇಡ. ಪಾಪ್‌ಕಾರ್ನ್ ಬೇಡ. ಐಸ್ ಕಡಿಯಬೇಡಿ. ಟಾಫಿ, ಚೂಯಿಂಗ್ ಗಮ್ ಬೇಡವೇ ಬೇಡ. ನಾನು ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಸಂತೋಷಪಟ್ಟೆ. ಅದರಲ್ಲಿದ್ದ ಒಂದು ಪದಾರ್ಥವನ್ನೂ ನಾನು ವಾರದಲ್ಲಿ ಒಮ್ಮೆಯೂ ತಿನ್ನುವವಳಲ್ಲ. ಇಷ್ಟು ಸುಲಭದ ಪಥ್ಯ ಜಗತ್ತಿನಲ್ಲಿ ಇನ್ನೊಂದಿಲ್ಲ. ಕಡಕ್ ರೊಟ್ಟಿಯ ಹೆಸರು ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಕರದಂಟಿನದೂ ಇರಲಿಲ್ಲ. ಇಲ್ಲವೆಂದ ಮೇಲೆ ತಿನ್ನಬಹುದೆಂದೇ ಅರ್ಥ. ಶಾಲೆಯಲ್ಲಿ ಸಿಲೆಬಸ್ಸಿನಲ್ಲಿ ಇಲ್ಲದ್ದನ್ನು ಪರೀಕ್ಷೆಯಲ್ಲಿ ಕೇಳುತ್ತಿರಲಿಲ್ಲ.

ಮೊದಲ ಕೆಲವು ದಿನ ಮಾತ್ರ ಏನೂ ಪ್ರಶ್ನೆ ಏಳಲಿಲ್ಲ. ಹಲ್ಲುಗಳು ಒಂದೊಂದೂ ಪ್ರತ್ಯೇಕವಾಗಿ ನೋಯುತ್ತಿದ್ದವು. ಜೋಳದ ನುಚ್ಚು, ಮಜ್ಜಿಗೆ; ಮತ್ತೆ ಮಜ್ಜಿಗೆ, ಜೋಳದ ನುಚ್ಚು. ಬಾಳೆಹಣ್ಣನ್ನು ಕೂಡ ನಾಲಿಗೆಯಿಂದ ಅಂಗುಳಿಗೆ ಒತ್ತಿ ತಿಂದೆ. ನೋವು ಇಳಿದ ಮೇಲೆ ತಂತಿ ತನ್ನ ಗುಣ ತೋರಿಸಿತು. ಮೆಂತ್ಯದ ಪಲ್ಲೆ ತಿಂದರೆ ಎಲೆಗಳು ತಂತಿಗೆ ಸುತ್ತಿಕೊಂಡು ಬಾಯಲ್ಲೇ ಮತ್ತೊಮ್ಮೆ ಬೆಳೆಯಲು ಹೊರಟಂತೆ ಕಾಣುತ್ತಿತ್ತು. ದಾಳಿಂಬೆ ತಿಂದರೆ ಸಂಜೆಯವರೆಗೆ ದಾಳಿಂಬೆಯ ಸಂಗ. ಹಲ್ಲಿಗೆ ಹಾಕುವ ಸಣ್ಣ ರಬ್ಬರುಗಳಲ್ಲಿ ಬಣ್ಣ ಆರಿಸಿಕೊಳ್ಳಿ ಎಂದಾಗ ಗಾಂಭೀರ್ಯಕ್ಕೆ ಒಪ್ಪಲೆಂದು ಬಿಳಿಯ ಬಣ್ಣ ಆರಿಸಿದ್ದೆ. ಒಂದೇ ದಿನದ ಬೇಳೆ ಸಾರಿಗೆ ಅವೆಲ್ಲ ಅರಿಶಿಣ ಹಚ್ಚಿಕೊಂಡ ಮುತ್ತೈದೆಯರಾದವು. ಪ್ರತಿ ಊಟದ ನಂತರ ಬಾಟಲಿ ತೊಳೆಯುವ ಬ್ರಷ್ಷಿನ ಮೊಮ್ಮಗುವಿನಂಥ ಒಂದು ಬ್ರಷ್ ಹಿಡಿದು ಕನ್ನಡಿಯ ಮುಂದೆ ನಿಲ್ಲಬೇಕು. ಕೆನ್ನೆಯ ಒಳಗೆ ತಂತಿ ಚುಚ್ಚಿದರೆ ಮೇಣದ ಉಂಡೆ ಮಾಡಿ ಅಂಟಿಸಬೇಕು. ಒಂದು ಊಟಕ್ಕೆ ಇಷ್ಟು ಉಪಚಾರವಿದ್ದರೆ ಮನುಷ್ಯ ತಾನಾಗಿಯೇ ತೂಕ ಇಳಿಸುತ್ತಾನೆ. ನಾನು ಇಳಿಸಲಿಲ್ಲ, ಅದು ಬೇರೆ ಮಾತು. ಹೂರಣದ ಹೋಳಿಗೆಗೆ ಹಲ್ಲೇ ಬೇಕಾಗುವುದಿಲ್ಲವೆಂಬ ಸತ್ಯ ಬೇಗನೆ ತಿಳಿದುಬಿಟ್ಟಿತ್ತು.

ಒಂದು ವಿಷಯದಲ್ಲಿ ಮಾತ್ರ ಕಾನ್ವೆಂಟು ಕೈ ಹಿಡಿಯಿತು. ಅಲ್ಲಿ ಊಟದ ಹೊತ್ತಿಗೆ ಸಿಸ್ಟರುಗಳು ನಮ್ಮ ಬೆನ್ನ ಹಿಂದೆ ತಿರುಗುತ್ತ, ಸಣ್ಣ ತುತ್ತು, ಮುಚ್ಚಿದ ಬಾಯಿ, ಸದ್ದಿಲ್ಲದ ಅಗಿತ ಎಂದು ಕಲಿಸಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಹಾಗೆ ಉಣ್ಣುವುದನ್ನು ನೋಡಿ ನಮ್ಮತ್ತೆ, “ಸೊಸಿ ಉಣ್ಣಾಕತ್ತಾಳೋ, ಜಪಾ ಮಾಡಾಕತ್ತಾಳೋ?” ಎಂದಿದ್ದರು. ಈಗ ಡಾಕ್ಟರು ಹೇಳಿದ್ದೂ ಅದನ್ನೇ: ಮುಂದಿನ ಹಲ್ಲಿನಿಂದ ಕಚ್ಚಬೇಡಿ, ಎಲ್ಲವನ್ನೂ ಸಣ್ಣಗೆ ಕತ್ತರಿಸಿ, ದವಡೆಯಲ್ಲಿ ನಿಧಾನ ಅಗಿಯಿರಿ.

ನಮ್ಮತ್ತೆಗೆ ನಿಧಾನವೆಂದರೆ ಆಗದು. ಅವರ ಪ್ರಕಾರ ಹೆಣ್ಣಿನ ಸತ್ವ ಗೊತ್ತಾಗುವುದು ಅವಳು ಕಡಕ್ ರೊಟ್ಟಿ ಕಡಿಯುವ ಸಪ್ಪಳದಲ್ಲಿ. “ನಾವೇನ ತಂತಿ ಕಟ್ಟಿಸಿದ್ದಿವೇನ? ಬಿಳಿಜ್ವಾಳ ತಿಂದ ಹಲ್ಲು. ಬೀರಪ್ಪನ ದಯೆ, ಒಂದೂ ಅಲ್ಲಾಡಿಲ್ಲ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಒಂದೂ ಅಲ್ಲಾಡಿಲ್ಲ ಎಂಬುದು ನಿಜ. ಸೆಟ್ಟಿನ ಹಲ್ಲು, ಅಲ್ಲಾಡಿದರೆ ಎಲ್ಲವೂ ಒಟ್ಟಿಗೇ ಅಲ್ಲಾಡಬೇಕು. ಕೆಲವು ವರ್ಷಗಳ ಹಿಂದೆ ‘ಕಣ್ಣು ತೋರಿಸಲು’ ಹುಬ್ಬಳ್ಳಿಗೆ ಹೋದವರು ಹೊಸ ಹಲ್ಲಿನೊಂದಿಗೆ ಬಂದಿದ್ದರು. ಬಾಗಲಕೋಟೆಯಲ್ಲಿ ಮಾಡಿಸಿದರೆ ಹುನಗುಂದಕ್ಕೆ ಗೊತ್ತಾಗುತ್ತದೆಂಬ ಮುಂದಾಲೋಚನೆ. ಮಲಗುವಾಗ ಆ ಹಲ್ಲು ಕಿಟಕಿಯ ಮೇಲಿನ ಸ್ಟೀಲ್ ಡಬ್ಬಿಯಲ್ಲಿ ನೀರೊಳಗೆ ವಿಶ್ರಮಿಸುತ್ತದೆ. ಮನೆಯವರಿಗೆಲ್ಲ ಗೊತ್ತು; ಗೊತ್ತಿಲ್ಲವೆಂದು ನಟಿಸುವುದೂ ಮನೆಯವರಿಗೆಲ್ಲ ಗೊತ್ತು. ಅತ್ತೆ ಕಡಕ್ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ, ಅದು ತನ್ನ ಕಡಕ್‌ತನವನ್ನೆಲ್ಲ ಮರೆಯುವವರೆಗೆ ಊರ ಸುದ್ದಿ ಹೇಳುತ್ತ ಕಾಯುತ್ತಾರೆ. ಸಪ್ಪಳ ಮಾತ್ರ ತಟ್ಟೆಯ ಅಂಚಿಗೆ ರೊಟ್ಟಿ ಬಡಿದು ಮುರಿಯುವಾಗ ಆಗುತ್ತದೆ.

ಬಾದಾಮಿಯಲ್ಲಿ ನನ್ನ ಸಿಲೆಬಸ್ಸಿನ ತಪ್ಪು ತಿಳುವಳಿಕೆ ಬಯಲಾಯಿತು. ಮದುವೆಯ ಮೊದಲ ಕರೆಯೋಲೆ ಬನಶಂಕರಿಗೆ ಇಡಲೆಂದು ಎಲ್ಲರೂ ಹೋಗಿದ್ದೆವು. ದರ್ಶನ ಮುಗಿಸಿ ಬಂದರೆ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕುಳಿತ ಹೆಣ್ಣುಮಕ್ಕಳು, “ಬರ್ರಿ ಯಕ್ಕಾ, ಊಟಾ ಮಾಡ್ರಿ” ಎಂದು ಕರೆಯುತ್ತಿದ್ದರು. ಕಡಕ್ ರೊಟ್ಟಿ, ಕೆಂಪು ಚಟ್ನಿ, ಮಡಿಕೆಯಲ್ಲಿ ಗಟ್ಟಿ ಮೊಸರು. ತಿಂಗಳುಗಟ್ಟಲೆ ಮೆತ್ತಗಿನದನ್ನೇ ತಿಂದವಳ ಎದುರು ಇಂಥದ್ದನ್ನು ಇಡಬಾರದು. ಹಾಳೆಯಲ್ಲಿ ಇದರ ಹೆಸರಿಲ್ಲವೆಂದು ಮನಸ್ಸಿಗೆ ಸಾಕ್ಷಿ ಹೇಳಿಸಿ, ಒಂದು ತುಣುಕು ಮುರಿದು ಮುಂದಿನ ಹಲ್ಲಿನಿಂದಲೇ ಕಡಿದೆ.

ಎರಡು ಸಪ್ಪಳ ಕೇಳಿದವು. ಒಂದು ರೊಟ್ಟಿಯದು.

ಬಿಲ್ಲೆಯೊಂದು ಕಿತ್ತು, ತಂತಿಯ ಮೇಲೆ ಜೋಕಾಲಿಯಾಡುತ್ತಿತ್ತು. ಬುಟ್ಟಿಯ ಹೆಣ್ಣುಮಗಳು ನನ್ನ ಬಾಯಿಯೊಳಗೆ ಇಣುಕಿ, “ಯವ್ವಾ, ನಮ್ಮ ರೊಟ್ಯಾಗ ಕಲ್ಲು-ಹಳ್ಳು ಬಂತೇನ ಅಂತಿದ್ದೆ, ನಿನ್ನ ಬಾಯಾಗ ಕಬ್ಬಿಣನ ಐತಲ್ಲ!” ಎಂದಳು. ನಮ್ಮತ್ತೆ ರೊಟ್ಟಿಯನ್ನು ಮೊಸರಿನಲ್ಲಿ ನೆನೆಯಿಟ್ಟು ಕುಳಿತವರು, “ನಮ್ಮ ಕಾಲದಾಗ...” ಎಂದು ಶುರು ಮಾಡಿ, ನನ್ನ ಮುಖ ನೋಡಿ, ಯಾಕೋ ಅಲ್ಲಿಗೇ ನಿಲ್ಲಿಸಿದರು.

ಮರುದಿನ ಡಾಕ್ಟರು ಬಿಲ್ಲೆಯನ್ನು ಮತ್ತೆ ಅಂಟಿಸಿ, ಮದುವೆಯ ಹೊತ್ತಿಗೆ ತಂತಿ ಬಿಚ್ಚಲು ಆಗುವುದಿಲ್ಲ ಎಂದರು. ಇನ್ನೊಂದು ಕಿತ್ತರೆ ಮದುವೆಯಲ್ಲ, ಮುಂದೆ ಮದುಮಗಳು ಬಸುರಾದಾಗ ಮಾಡುವ ಕುಬಸಕ್ಕೂ ಆಗುವುದಿಲ್ಲ ಎಂಬಂತೆ ನೋಡಿದರು. ನಾನು ಕಾಲೆಳೆದುಕೊಂಡು ಮನೆಗೆ ಬಂದೆ. ಹೇಳುವುದಾದರೂ ಏನು, ಫೋಟೋದಲ್ಲಿ ಹಲ್ಲು ಬಿಡುವ ಯೋಗ ತಪ್ಪಿತೆಂದೇ? ಮನೆಯ ಹಿರಿಸೊಸೆ ಅಳಲು ಇದಕ್ಕಿಂತ ಘನವಾದ ಕಾರಣ ಬೇಕು. ಉಳ್ಳಾಗಡ್ಡಿ ಹೆಚ್ಚಲು ಕುಳಿತೆ. ಈ ದೇಶದ ಅರ್ಧ ಹೆಂಗಸರ ಮಾನ ಉಳಿಸಿರುವುದು ಉಳ್ಳಾಗಡ್ಡಿ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದು ನನ್ನ ಪಕ್ಕದಲ್ಲಿ ಏನನ್ನೋ ಠಣ್ಣೆಂದು ಇಟ್ಟರು. ಅವರ ಎಲೆಯಡಿಕೆ ಚೀಲದ ಅಡಕೊತ್ತು. ಹಿತ್ತಾಳೆಯದು, ಹಿಡಿಕೆಯ ತುದಿಗೆ ಗಿಳಿಯ ಮೂತಿ. ಸೆಟ್ಟಿನ ಹಲ್ಲು ಬಂದಾಗಿನಿಂದ ಅದು ಚೀಲದಿಂದ ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಆದರೂ ಎಣ್ಣೆ ಹಚ್ಚಿ ಥಳಥಳ ಇಟ್ಟಿದ್ದರು.

“ಪೇರಲಕಾಯಿ, ಕೊಬ್ಬರಿ ಇದರಾಗ ಕತ್ತರಿಸಿಕೊಂಡ ತಿನ್ನು. ಈಳಿಗಿ ಹೊತ್ಕೊಂಡ ಊರ ತಿರಗಾಕ ಬರಾಂಗಿಲ್ಲಲ್ಲ” ಎಂದರು.

“ನಿಮಗ ಬೇಕಾಗ್ತೈತ್ರಿ ಅತ್ತಿ.”

“ನನಗ್ಯಾಕ? ನಾ ಹಲ್ಲಿಲೇ ಕಡೀತೇನಿ” ಎಂದು ಸೆರಗು ಹೊದ್ದು ಹೋದರು. ಹೋಗುವಾಗ ತಿರುಗಿ ನೋಡದೆ, “ಬೀಗರ ಮುಂದ ಮಾತ್ರ ಅದನ್ನ ತಗೀಬ್ಯಾಡ. ಹಿರೀಸೊಸಿಗೆ ಹಲ್ಲ ಗಟ್ಟಿ ಇಲ್ಲ ಅಂದಾರು” ಎಂದೂ ಸೇರಿಸಿದರು.

ಮದುವೆ ಇಳಕಲ್ಲಿನಲ್ಲಿ. ನಾನು ಟೋಪ ತೆನೆಯ ಸೆರಗಿನ ಇಳಕಲ್ ಸೀರೆ ಉಟ್ಟು, ಬಾಯಿಗೆ ಬೀಗ ಹಾಕಿ, ಸಿಸ್ಟರು ಕಲಿಸಿದ ಹಾಗೆ ಕಣ್ಣಿನಲ್ಲೇ ನಗುತ್ತ ತಿರುಗಾಡಿದೆ. ಫೋಟೋದವ ಮೂರು ಹೊತ್ತೂ, “ಅಕ್ಕಾರ, ಸ್ವಲ್ಪ ನಗ್ರಿ, ನಿಮ್ಮ ಮನೀದ ಲಗ್ನ ಐತಿ” ಎನ್ನುತ್ತಿದ್ದ. ಇಷ್ಟು ವರ್ಷಗಳ ಅನುಭವವಿರುವ ನನಗೇ ನಗುವುದು ಹೇಗೆಂದು ಹೇಳಿಕೊಡಲು ಬಂದಿದ್ದ.

ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿತ್ತು. ಆಮೇಲೆ ಭೂಮ. ನಮ್ಮ ಕಡೆಯ ಮದುವೆಯಲ್ಲಿ ಎರಡೂ ಮನೆಯ ಹೆಣ್ಣುಮಕ್ಕಳು ಒಂದೇ ದೊಡ್ಡ ಹರಿವಾಣದ ಸುತ್ತ ಕುಳಿತು, ಗಂಡನ ಹೆಸರು ಸೇರಿಸಿ ಒಡಪು ಹೇಳಿ, ಒಬ್ಬರ ಬಾಯಿಗೆ ಒಬ್ಬರು ತುತ್ತು ಹಾಕುವ ಊಟವದು. ಒಡಪು ಹೇಳಿ ಬಾಯ ಹತ್ತಿರ ತಂದದ್ದನ್ನು ಒಲ್ಲೆ ಎನ್ನುವಂತಿಲ್ಲ. ಹೊಸ ಬೀಗರ ತುತ್ತು ನೂಕಿದ ಸುದ್ದಿ ಮುಂದೆ ಯಾವ ಹಬ್ಬದಲ್ಲೂ ಹಳತಾಗುವುದಿಲ್ಲ. ನಾನು ಅತ್ತೆಯ ಪಕ್ಕಕ್ಕೆ ಕುಳಿತೆ. ಮೊದಮೊದಲು ಎಲ್ಲವೂ ಸುಸೂತ್ರ: ಹೋಳಿಗೆ, ತುಪ್ಪ, ಅನ್ನ. ನನ್ನ ಕೈಗಳೆರಡೂ ತುಪ್ಪದಲ್ಲಿ ಮಿಂದವು. ತಂತಿ ನೆಮ್ಮದಿಯಿಂದಿತ್ತು.

ಆಗ ಮದುಮಗಳ ತಾಯಿ ಗಂಗವ್ವ ಒಂದು ಡಬ್ಬಿ ತೆರೆದರು. ಅವರ ತವರುಮನೆ ಅಮೀನಗಡ. ಆ ಊರಿನ ಹೆಣ್ಣುಮಗಳು ಡಬ್ಬಿ ತೆರೆದರೆ ಒಳಗೆ ಏನಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

“ಅಂಗಡೀದಲ್ರಿ, ನನ್ನ ಕೈಯಾರೆ ಮಾಡಿದ ಕರದಂಟು” ಎಂದು ಸಾಬೂನಿನಷ್ಟು ದೊಡ್ಡ ತುಂಡೊಂದನ್ನು ಹಿಡಿದು, ನನ್ನ ಕಡೆ ತಿರುಗಿ, ದನಿಯೆತ್ತಿ ಒಡಪು ಹೇಳಿದರು:

“ಅಮೀನಗಡದ ಅಂಟು, ಬೆಲ್ಲದ ನಂಟು,
ಸಂಗಪ್ಪನೋರ ಹೆಸರ ಹೇಳಿ ತಿನಸ್ತೇನಿ ಕರದಂಟು!”

ಹೆಣ್ಣುಮಕ್ಕಳೆಲ್ಲ ಹೋ ಎಂದರು. ಕರದಂಟು ನನ್ನ ತುಟಿಗೆ ಬಂದು ನಿಂತಿತು. ಅಂಟು, ಬೆಲ್ಲ, ಒಣ ಕೊಬ್ಬರಿ, ಬದಾಮು, ಉತ್ತತ್ತಿ. ಡಾಕ್ಟರು ಕನಸಿನಲ್ಲಿ ಕಂಡು ಬೆಚ್ಚಿಬೀಳುವ ಎಲ್ಲವೂ ಒಂದೇ ಇಟ್ಟಿಗೆಯಲ್ಲಿ. ಅಡಕೊತ್ತು ಬ್ಯಾಗಿನಲ್ಲಿ, ಬ್ಯಾಗು ಮಗಳ ಹೆಗಲಿಗೆ, ಮಗಳು ಮದುಮಗಳ ಜೊತೆ ಸೆಲ್ಫಿಯಲ್ಲಿ.

“ಸಣ್ಣದೊಂದ ತುಣುಕ ಮುರಕೊಡ್ರಿ ಗಂಗವ್ವಾರ...” ಎಂದೆ, ತುಟಿ ಬಿಚ್ಚದೆ.

“ಮುರಿಯೂದಂದ್ರ? ಪೂರ್ತಿ ಹಿಡದೇನಿ, ಕಡೀರಿ! ಏನ್, ನಮ್ಮ ಕೈಯಾನ ತುತ್ತು ಸೇರೂದಿಲ್ಲೇನು?” ಗಂಗವ್ವ ನಗುತ್ತಲೇ ಕೇಳಿದರು, ಆದರೆ ಸುತ್ತಲಿನ ನಗು ಸ್ವಲ್ಪ ಸಣ್ಣದಾಯಿತು. ಅವರ ಕಡೆಯ ಒಬ್ಬ ಮುದುಕಿ ಪಕ್ಕದವಳ ಕಿವಿಗೆ ಏನೋ ಹೇಳಿದಳು. ನಾನು ಕಣ್ಣು ಮುಚ್ಚಿ, ಕುಬಸಕ್ಕೂ ಬಿಚ್ಚದ ತಂತಿಯನ್ನು ನೆನೆದು, ಬಾಯಿ ತೆರೆದೆ.

ಪಕ್ಕದಿಂದ ಒಂದು ಕೈ ಬಂದು ಗಂಗವ್ವನ ಮಣಿಕಟ್ಟು ಹಿಡಿಯಿತು.

“ತಡೀರಿ ಬೀಗತಿಯರ” ಎಂದರು ನಮ್ಮತ್ತೆ. “ಹಿರೇರ ಬಾಯಿ ಒಣಗಿಸಿ ಕಿರೇರಿಗೆ ತಿನಸೂದು ನಿಮ್ಮ ಅಮೀನಗಡದ ಪದ್ಧತಿ ಏನ್ರಿ? ಮದಲ ನನಗ.”

ಗಂಗವ್ವ ಮರುಮಾತಾಡುವ ಮೊದಲೇ ಆ ಕೈಯನ್ನು ತನ್ನ ಕಡೆ ಎಳೆದುಕೊಂಡು, ನನ್ನನ್ನು ಒಂದು ಕ್ಷಣ ನೋಡಿ, ಕರದಂಟಿನ ಮೇಲೆ ಬಾಯಿ ಹಾಕಿ ಕಡಿದೇಬಿಟ್ಟರು. ಸಾರಿಲ್ಲ, ಮೊಸರಿಲ್ಲ, ನೆನೆಸುವುದಿಲ್ಲ. ಹೆಣ್ಣುಮಕ್ಕಳು ಮತ್ತೆ ಹೋ ಎಂದರು. ಗಂಗವ್ವ ಸಂಭ್ರಮದಿಂದ ಕೈ ಹಿಂದಕ್ಕೆ ತೆಗೆದುಕೊಂಡರು.

ಕೈಯೊಂದಿಗೆ ಕರದಂಟು ಬಂತು. ಕರದಂಟಿನೊಂದಿಗೆ ನಮ್ಮತ್ತೆಯ ಮೇಲಿನ ಸಾಲಿನ ಹಲ್ಲುಗಳೆಲ್ಲ ಬಂದವು, ಒಂದೂ ಅಲ್ಲಾಡದೆ.

ಗಂಗವ್ವ ತನ್ನ ಕೈಯಲ್ಲಿ ನಗುತ್ತಿದ್ದ ಹಲ್ಲುಗಳನ್ನು ನೋಡಿದರು. ಬಿಡಬೇಕೋ ಹಿಡಿಯಬೇಕೋ ತಿಳಿಯದೆ ಹಾಗೇ ಎತ್ತಿ ಹಿಡಿದರು. ವರ್ಷಗಳ ಹುಬ್ಬಳ್ಳಿಯ ಗುಟ್ಟು, ಬಿಳಿಜೋಳದ ಹೆಮ್ಮೆ, ಬೀರಪ್ಪನ ದಯೆ, ಎಲ್ಲವೂ ಇಳಕಲ್ಲಿನ ಮಂಟಪದ ಟ್ಯೂಬ್‌ಲೈಟಿನಲ್ಲಿ ಥಳಥಳಿಸುತ್ತಿದ್ದವು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಒಂದು ಬಿಲ್ಲೆ ಉಳಿಸಲು ಹೋಗಿ ಅತ್ತೆ ಪೂರಾ ಸಾಲು ಕಳೆದುಕೊಂಡಿದ್ದರು.

ನಮ್ಮತ್ತೆ ಸೆರಗಿನಿಂದ ತುಟಿ ಒರೆಸಿಕೊಂಡರು. ಮುಂದಿನ ಹಲ್ಲಿಲ್ಲದ ಬಾಯಿಂದ, ಅರ್ಧ ಗಾಳಿ ಅರ್ಧ ಮಾತಾಗಿ, ಹೊಲದ ಬದುವಿನಲ್ಲಿ ನಿಂತು ಕೇಳುವ ಠೀವಿಯಲ್ಲಿ ಕೇಳಿದರು:

“ಬೀಗತಿಯರ, ಮಗನ್ನ ಕೊಟ್ಟೇನಿ. ಇನ್ನ ಹಲ್ಲೂ ಇಸ್ಕೊಂತೀರೇನ್ರಿ?”

ಮೊದಲು ನಕ್ಕವರು ಗಂಗವ್ವ. ಆಮೇಲೆ ಆ ಪಿಸುಮಾತಿನ ಮುದುಕಿ. ಆಮೇಲೆ ನನಗೆ ಏನಾಯಿತೋ ಗೊತ್ತಿಲ್ಲ. ನಗು ಹೊಟ್ಟೆಯಿಂದ ಎದ್ದು ಬಂತು. ಕೈ ತಾನಾಗಿ ಬಾಯಿಗೆ ಹೊರಟಿತು. ಎರಡೂ ಕೈಗೆ ಮೊಣಕೈವರೆಗೆ ತುಪ್ಪ, ಮೈಮೇಲೆ ಹೊಸ ಸೀರೆ. ಕೈ ನಡುದಾರಿಯಲ್ಲಿ ನಿಂತುಬಿಟ್ಟಿತು. ನಗು ನಿಲ್ಲಲಿಲ್ಲ. ಎದುರಿಗೆ ಫಳ್ಳೆಂದು ಫ್ಲ್ಯಾಶ್ ಹೊಡೆಯಿತು.

ಮದುವೆ ಮುಗಿದು ಎಲ್ಲರೂ ಅವರವರ ಊರು ಸೇರಿದ ಮೇಲೆ ಫೋಟೋದವ ಆ ಚಿತ್ರವನ್ನು ಫೋನಿಗೆ ಕಳಿಸಿ, ತಾನೇ ಕರೆ ಮಾಡಿದ. “ಅಕ್ಕಾರ, ಫೋಟೋ ಜಬರ್ದಸ್ತ್ ಬಂದೈತ್ರಿ. ಆದ್ರ ನಿಮ್ಮ ಹಲ್ಲಿನ ತಂತಿ ಫ್ಲ್ಯಾಶಿಗೆ ಹೊಳದೈತಿ. ಕಂಪ್ಯೂಟರಿನ್ಯಾಗ ತಗದ ಬಿಡ್ತೇನ್ರಿ. ಅಜ್ಜ್ಯಾರ ಹಲ್ಲನೂ ಬಾಯಾಗ ಕೂಡ್ರಸ್ತೇನ್ರಿ. ಯಾರಿಗೂ ಗೊತ್ತಾಗಾಂಗಿಲ್ಲ.”

ಡಾಕ್ಟರಿಗೆ ಆಗದ್ದನ್ನು ಈ ಮಹಾರಾಯ ಕುಳಿತಲ್ಲೇ ಮಾಡಿಕೊಡುತ್ತೇನೆನ್ನುತ್ತಿದ್ದ. ತಂತಿಯಿಲ್ಲದ, ಸಾಲಾಗಿ ನಿಂತ ಹಲ್ಲು, ಬಾಯಿ ತುಂಬ ನಗು. ನಾನು ಬೇಡಿಕೊಂಡಿದ್ದ ಫೋಟೋ ಅದೇ. ಆಮೇಲೆ ಹೇಳುತ್ತೇನೆಂದು ಫೋನಿಟ್ಟೆ. ಅತ್ತೆಯ ಗುಟ್ಟೂ ಅದರಲ್ಲಿ ಸೇರಿದ್ದರಿಂದ ಅವರನ್ನು ಕೇಳದೆ ಹೇಳುವಂತಿರಲಿಲ್ಲ.

ಅತ್ತೆ ಉಣ್ಣುತ್ತಿದ್ದರು. ರೊಟ್ಟಿ ಸಾರಿನಲ್ಲಿ ನೆನೆಯುತ್ತಿತ್ತು. ಹಲ್ಲು ಕಿಟಕಿಯ ಡಬ್ಬಿಯಲ್ಲಿತ್ತು. ಈಗೀಗ ಮನೆಯಲ್ಲಿ ಹಗಲೂ ಅಲ್ಲೇ ಇರುತ್ತದೆ. ಫೋನು ಇಸಿದುಕೊಂಡು, ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದರು.

“ಈಕಿ ಯಾರ?”

“ನಾನ ರೀ ಅತ್ತಿ.”

“ನೀ ಹಿಂಗ ನಗ್ತಿ?” ಮತ್ತೆ ನೋಡಿದರು. “ಇಷ್ಟ ವರ್ಷ ಒಂದ ಮನ್ಯಾಗ ಅದೇವಿ. ನಾ ನೋಡೇ ಇಲ್ಲ.”

ನಾನು ಫೋಟೋದವ ಹೇಳಿದ್ದನ್ನೆಲ್ಲ ಹೇಳಿದೆ. ಅವರು ರೊಟ್ಟಿಯ ಅಂಚನ್ನು ಮುಟ್ಟಿ, ಇನ್ನೂ ಮೆತ್ತಗಾಗಿಲ್ಲವೆಂದು ಕೈ ತೆಗೆದರು.

“ನನ್ನ ಹಲ್ಲ ಎಲ್ಲಿ ಅದಾವ ಇದರಾಗ?”

“ಬೀಗತಿಯರ ಕೈಯಾಗ ಅದಾವ್ರಿ.”

“ಛಲೋ ಕಾಣ್ತಾವು?”

“ಎಲ್ಲಾ ಕಾಣ್ತಾವ್ರಿ.”

“ನಿನ್ನ ಬೇಲಿ?”

“ಅದೂ ಕಾಣ್ತೈತ್ರಿ.”

“ಮತ್ತೇನ ತಗೀತಾನ ಅಂವಾ? ಹಂಗ ಇರ್ಲಿ ಅನ್ನು. ಕಟ್ಟ ಹಾಕಿಸಿ ಪಡಸಾಲ್ಯಾಗ ಹಾಕೂಣು” ಎಂದು ಫೋನನ್ನು ನನ್ನ ಕೈಗಿಟ್ಟು, ನೆನೆದ ರೊಟ್ಟಿಯ ತುತ್ತು ಮುರಿಯುತ್ತ ಸೇರಿಸಿದರು:

“ಗಂಗವ್ವಗೂ ಒಂದ ಕಳಸಾಕ ಹೇಳು. ಕೈ ಆಕೀದ ಐತಿ.”